ಪುಟ್ಟ ನೀಲಿ ಬೆಲ್‌ಫ್ಲವರ್: ಬೀಜ ಬಿತ್ತುವುದರಿಂದ ಬುಡ ಬಿಡಿಸುವವರೆಗೆ ಸಮಗ್ರ ಮಾರ್ಗದರ್ಶಿ

ಬೆಲ್‌ಫ್ಲವರ್ ಗಿಡ ಬಾಡಿ ಹೋದರೆ ಜನ ಮೊದಲು ದೂರುವುದು ಚಳಿಯನ್ನು, ಇಲ್ಲವೇ ನೀರು ಹಾಕಲು ಮರೆತವರನ್ನು. ಸಾಮಾನ್ಯವಾಗಿ ತಪ್ಪು ಅಲ್ಲಿರುವುದಿಲ್ಲ. ಇಲ್ಲಿ ಮುಖ್ಯವಾಗಿ ಹೇಳುವುದು ಕ್ಯಾಂಪನ್ಯುಲಾ ಕಾರ್ಪಾಟಿಕಾ ಎಂಬ ಬೆಲ್‌ಫ್ಲವರ್ ಬಗ್ಗೆ. ಈ ಗಿಡದ ತವರು ಮಧ್ಯ ಮತ್ತು ಪೂರ್ವ ಯುರೋಪಿನ ಕಾರ್ಪೇಥಿಯನ್ ಬೆಟ್ಟಸಾಲು. ಅಲ್ಲಿ ಇದು ಬಂಡೆಗಳ ಸಂದಿಯಲ್ಲಿ ಬೆಳೆಯುತ್ತದೆ. ಬೇರು ಕಲ್ಲಿನಡಿಯ ತಂಪಿನಲ್ಲಿ, ಬುಡ ಗಾಳಿಯಾಡುವ ಒಣ ಜಾಗದಲ್ಲಿ, ಹೂವು ಬಿಸಿಲಿನಲ್ಲಿ. ಮೈನಸ್ 30 ಡಿಗ್ರಿ ಸೆಲ್ಸಿಯಸ್ ಚಳಿಯನ್ನೂ ತಡೆದುಕೊಳ್ಳುವ ಗಿಡ ಒಂದು ವಾರ ಬುಡದಲ್ಲಿ ನೀರು ನಿಂತರೆ ಕೊಳೆತು ಹೋಗುತ್ತದೆ. ಒದ್ದೆ ಬುಡ, ಕಾದ ಬೇರು, ಇವೆರಡೇ ಇದರ ದೊಡ್ಡ ಶತ್ರುಗಳು. ಕೆಳಗೆ ಹೇಳುವ ಹೆಚ್ಚಿನ ಕೆಲಸ ಇವೆರಡನ್ನು ತಪ್ಪಿಸಲಿಕ್ಕೇ ಇರುವುದು.

ಮೊದಲು ಸರಿಯಾದ ಗಿಡ ಆರಿಸಿ

ಬೆಲ್‌ಫ್ಲವರ್‌ಗಳ ಕುಲವಾದ ಕ್ಯಾಂಪನ್ಯುಲಾದಲ್ಲಿ 400ಕ್ಕೂ ಹೆಚ್ಚು ಜಾತಿಗಳಿವೆ. ಆಳೆತ್ತರದವೂ ಇವೆ, ಗೇಣುದ್ದ ಮೀರದವೂ ಇವೆ. ಸುಮ್ನೆ ‘ಬೆಲ್‌ಫ್ಲವರ್ ಕೊಡಿ’ ಎಂದು ಕೇಳಿದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು. ಹಾಗಾಗಿ ಚೀಟಿಯ ಮೇಲಿನ ಪೂರ್ತಿ ಹೆಸರು ನೋಡಿ.

ಮನೆ ತೋಟಕ್ಕೆ ನನ್ನ ಮೊದಲ ಆಯ್ಕೆ ಕ್ಯಾಂಪನ್ಯುಲಾ ಕಾರ್ಪಾಟಿಕಾ. ಅದರಲ್ಲೂ ‘ಬ್ಲೂ ಕ್ಲಿಪ್ಸ್’ ತಳಿ. ಎತ್ತರ 20ರಿಂದ 25 ಸೆಂ.ಮೀ., ಅಗಲವೂ ಹೆಚ್ಚುಕಡಿಮೆ ಅಷ್ಟೇ. ದುಂಡಗೆ ಗುಪ್ಪೆಯಾಗಿ ಕೂರುತ್ತದೆ. ಹೂವು 4ರಿಂದ 5 ಸೆಂ.ಮೀ. ಅಗಲ, ಬಟ್ಟಲಿನ ಆಕಾರ, ಮುಖ ಮೇಲಕ್ಕೆ. ಸಮಶೀತೋಷ್ಣ ಪ್ರದೇಶಗಳಲ್ಲಿ ಬೇಸಿಗೆ ಶುರುವಾದಾಗ ಅರಳಲು ತೊಡಗಿ ವಾರಗಟ್ಟಲೆ ನಿಲ್ಲದೆ ಬಿಡುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೀಜದ ಪ್ಯಾಕೆಟ್ಟಿನ ಚಿತ್ರದಲ್ಲಿ ಕಾಣುವಷ್ಟು ಅಚ್ಚ ನೀಲಿ ಇದಲ್ಲ, ಸ್ವಲ್ಪ ನೇರಳೆಗೆ ತಿರುಗಿದ ನೀಲಿ. ಇನ್ನೂ ಗಾಢ ಬಣ್ಣ ಬೇಕೆಂದರೆ ‘ಪರ್ಲ್ ಡೀಪ್ ಬ್ಲೂ’ ಹುಡುಕಿ.

ಕಲ್ಲಿನ ಗೋಡೆಯ ಸಂದಿ, ಮೆಟ್ಟಿಲ ಅಂಚು, ಇಂಥ ಕಡೆಗೆ ಇದೇ ಕುಲದ ಪೋರ್ಟೆನ್‌ಶ್ಲಾಗಿಯಾನಾ ಒಳ್ಳೆಯದು. ಕ್ರೊಯೇಷಿಯಾದ ಡಾಲ್ಮೇಶಿಯಾ ಕಡೆಯದು. 15 ಸೆಂ.ಮೀ. ಎತ್ತರಕ್ಕೆ ನಿಂತು, ಚಾಪೆಯಂತೆ ಅರ್ಧ ಮೀಟರ್‌ವರೆಗೆ ಹರಡುತ್ತದೆ. ಅದರ ದಾಯಾದಿ ಪೋಶಾರ್ಸ್ಕಿಯಾನಾ. ಹೂವು ನಕ್ಷತ್ರದ ಹಾಗೆ ಬಿಚ್ಚಿಕೊಂಡಿರುತ್ತದೆ, ಚೆಲುವೇನೋ ಹೌದು, ಆದರೆ ಹಬ್ಬುವ ವೇಗ ಜಾಸ್ತಿ. ಪುಟ್ಟ ಮಡಿಯಲ್ಲಿ ಪಕ್ಕದ ಗಿಡಗಳನ್ನು ತುಳಿದುಬಿಡುತ್ತದೆ. ತೊಟ್ಟಿಯಂಥ ಕುಂಡಕ್ಕೆ ಕಾಕ್ಲಿಯಾರಿಫೋಲಿಯಾ ಸಾಕು, 10 ಸೆಂ.ಮೀ. ಆಸುಪಾಸಿನ ಗಿಡ, ಬೆರಳಿನ ತುದಿಯಷ್ಟು ಜೋಲುಗಂಟೆಗಳು.

ರಾಪಂಕ್ಯುಲಾಯಿಡಿಸ್ ಎಂಬ ಹೆಸರು ಕಂಡರೆ ಮಾತ್ರ ಕೈ ಹಾಕಬೇಡಿ, ಯಾರಾದರೂ ಪುಕ್ಕಟೆ ಕೊಟ್ಟರೂ. ಬೇರಿನ ತುಂಡಿನಿಂದಲೂ ಚಿಗುರುತ್ತದೆ, ಬೀಜದಿಂದಲೂ ಹರಡುತ್ತದೆ. ಉತ್ತರ ಅಮೆರಿಕದಲ್ಲಿ ಅದು ಕಳೆಯಾಗಿ ಹೋಗಿದೆ, ಕಿತ್ತಷ್ಟೂ ಬರುತ್ತದೆ.

ನರ್ಸರಿಯಲ್ಲಿ ಗಿಡ ಕೊಳ್ಳುವಾಗ ಹೂವಿಗೆ ಮರುಳಾಗದೆ ಬುಡ ನೋಡಿ. ಎಲೆಗಳನ್ನು ಬೆರಳಿನಿಂದ ಸರಿಸಿದರೆ ಬುಡದಲ್ಲಿ ಗಟ್ಟಿಯಾದ ಹಸಿರು ಕುಡಿಗಳು ಕಾಣಬೇಕು. ಕಂದು ಬಣ್ಣದ ಮೆತ್ತನೆಯ ಎಲೆ ಅಂಟಿಕೊಂಡಿದ್ದರೆ ಬಿಟ್ಟುಬಿಡಿ. ಇನ್ನೊಂದು ವಿಷಯ. ಕುಂಡದಲ್ಲಿ ಹೂ ತುಂಬಿ ಮಾರಾಟಕ್ಕೆ ಬರುವ ಕೆಲವು ಗಿಡಗಳಿಗೆ ಎತ್ತರ ತಡೆಯುವ ಔಷಧ ಹೊಡೆದಿರುತ್ತಾರೆ. ಮುಂದಿನ ವರ್ಷ ಅದೇ ಗಿಡ ಇನ್ನಷ್ಟು ಎತ್ತರವಾದರೆ ಗಾಬರಿಯಾಗಬೇಡಿ, ಅದು ಅದರ ಸಹಜ ಅಳತೆ.

ಜಾಗ: ತಲೆಗೆ ಬಿಸಿಲು, ಬೇರಿಗೆ ತಂಪು

ತಂಪು ಪ್ರದೇಶವಾದರೆ ದಿನವಿಡೀ ಬಿಸಿಲು ಬೀಳುವ ಜಾಗ ಕೊಡಿ. ಬೇಸಿಗೆಯಲ್ಲಿ 30 ಡಿಗ್ರಿ ದಾಟುವ ಕಡೆ ಬೆಳಗಿನ ಹೊತ್ತು ನಾಲ್ಕೈದು ಗಂಟೆಗಳ ಬಿಸಿಲು ಸಾಕು, ಮಧ್ಯಾಹ್ನದ ಮೇಲೆ ನೆರಳು ಬೇಕೇ ಬೇಕು. ಸೆಖೆ ಹೆಚ್ಚಿದಂತೆ ಹೂವಿನ ಗಾತ್ರವೂ ಕುಗ್ಗುತ್ತದೆ. ಒಂದೇ ತಳಿ ತಂಪಿನಲ್ಲಿ ಬೆಳೆದಾಗ ಬಿಡುವ ಹೂವಿಗೂ ಸೆಖೆಯಲ್ಲಿ ಬಿಡುವ ಹೂವಿಗೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇರುತ್ತದೆ. ಬಿಸಿಲು ಹೀರಿ ರಾತ್ರಿಯೂ ಬಿಸಿ ಕಕ್ಕುವ ಕಾಂಕ್ರೀಟ್ ಗೋಡೆಯ ಪಕ್ಕ ಇಡಬೇಡಿ. ದೊಡ್ಡ ಕಲ್ಲೊಂದರ ಮಗ್ಗುಲು ಸಿಕ್ಕರೆ ಭಾಗ್ಯ. ಕಲ್ಲಿನ ಅಡಿಯ ಮಣ್ಣು ಸುತ್ತಲಿನ ಮಣ್ಣಿಗಿಂತ ಸದಾ ತಂಪು, ಬೇರು ತಾನೇ ಅತ್ತ ಹೋಗುತ್ತದೆ.

ಮಣ್ಣು: ಇಲ್ಲಿ ಅವಸರ ಮಾಡಬೇಡಿ

ನೆಡುವ ಮೊದಲು ನೀರು ಬಸಿಯುತ್ತದೋ ಇಲ್ಲವೋ ನೋಡಬೇಕು. 30 ಸೆಂ.ಮೀ. ಆಳದ ಗುಂಡಿ ತೋಡಿ, ನೀರು ತುಂಬಿಸಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಈ ಸಲ ಒಂದು ಕಡ್ಡಿ ನಿಲ್ಲಿಸಿ ಗುರುತು ಹಾಕಿ. ಗಂಟೆಗೆ 2.5 ಸೆಂ.ಮೀ.ಗಿಂತ ಹೆಚ್ಚು ಇಳಿದರೆ ಅಲ್ಲಿ ನೆಡಬಹುದು. ಅದಕ್ಕಿಂತ ನಿಧಾನವಾದರೆ ಆ ಜಾಗದ ಮೇಲೆ 15ರಿಂದ 20 ಸೆಂ.ಮೀ. ಎತ್ತರದ ಏರುಮಡಿ ಕಟ್ಟಿ.

ಜೇಡಿಮಣ್ಣಿನಲ್ಲಿ ಗಿಡಕ್ಕೊಂದು ಗುಂಡಿ ತೋಡಿ, ಅದಕ್ಕಷ್ಟೇ ಮರಳು ತುಂಬುವವರಿದ್ದಾರೆ. ಅದರಿಂದ ಕೆಡುಕೇ ಹೆಚ್ಚು. ಸುತ್ತಲಿನ ಜೇಡಿ ನೀರು ಬಿಡದ ಕಾರಣ ಆ ಗುಂಡಿ ತೊಟ್ಟಿಯಾಗಿಬಿಡುತ್ತದೆ, ಮಳೆ ಬಂದಾಗಲೆಲ್ಲ ಅಲ್ಲಿ ನೀರು ನಿಲ್ಲುತ್ತದೆ. ಹದ ಮಾಡುವುದಾದರೆ ಇಡೀ ಮಡಿಯನ್ನೇ ಮಾಡಬೇಕು, ಇಲ್ಲವೇ ಮಣ್ಣನ್ನು ಏರಿಸಬೇಕು.

ಮಿಶ್ರಣ ಹೀಗಿರಲಿ: ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್, ಒಂದು ಪಾಲು ದಪ್ಪ ಮರಳು ಅಥವಾ 3ರಿಂದ 6 ಮಿ.ಮೀ. ಗಾತ್ರದ ಸಣ್ಣ ಜಲ್ಲಿ. ಗಾರೆಗೆ ಬಳಸುವ ನುಣುಪು ಮರಳು ಬೇಡ, ಅದು ಮಣ್ಣನ್ನು ಬಿಗಿ ಮಾಡುತ್ತದೆ. ಕುಂಡಕ್ಕಾದರೆ ಜಲ್ಲಿಯ ಬದಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಹಾಕಿ, ಭಾರ ಕಡಿಮೆ. ಬರೀ ಕೋಕೋಪೀಟಿನಲ್ಲಿ (ತೆಂಗಿನ ನಾರಿನ ಪುಡಿ) ನೆಟ್ಟರೆ ಮೇಲೆ ಒಣಗಿದಂತೆ ಕಂಡು ಒಳಗೆ ತೊಪ್ಪೆಯಾಗಿರುತ್ತದೆ. ಈ ಗಿಡಕ್ಕೆ ಅದು ಒಗ್ಗುವುದಿಲ್ಲ. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 6ರಿಂದ 7.5ರ ನಡುವೆ ಇದ್ದರೆ ಸಾಕು. ಮಣ್ಣಿನಲ್ಲಿ ಸ್ವಲ್ಪ ಸುಣ್ಣದ ಅಂಶ ಇದ್ದರೂ ಇದಕ್ಕೆ ಇಷ್ಟವೇ.

ಹಿಸುಕಿ ನೋಡುವ ಪರೀಕ್ಷೆ ಒಂದಿದೆ. ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಒತ್ತಿ ಬಿಡಿ. ಉಂಡೆಯಾಗಿ, ಬೆರಳಿನಿಂದ ಮುಟ್ಟಿದ ಕೂಡಲೇ ಉದುರಿದರೆ ಹದ ಸರಿ. ಬೆರಳಚ್ಚು ಮೂಡಿ ಹಾಗೇ ನಿಂತರೆ ಇನ್ನಷ್ಟು ಜಲ್ಲಿ ಬೇಕು.

ಬೀಜದಿಂದ ಸಸಿ

ಕಾರ್ಪಾಟಿಕಾ ಬೀಜ ದೂಳಿನಷ್ಟು ಸಣ್ಣದು. ಸೀನಿದರೆ ಪ್ಯಾಕೆಟ್ ಖಾಲಿ. ಒಂದು ಚಮಚ ಒಣ, ನಯವಾದ ಮರಳಿನಲ್ಲಿ ಬೆರೆಸಿಕೊಂಡರೆ ಸಮನಾಗಿ ಉದುರಿಸಬಹುದು.

ಟ್ರೇಯಲ್ಲಿ ಜರಡಿ ಹಿಡಿದ ಮಿಶ್ರಣ ತುಂಬಿ, ಮಟ್ಟ ಮಾಡಿ, ಮೊದಲೇ ಒದ್ದೆ ಮಾಡಿ. ಆಮೇಲೆ ಬೀಜ ಉದುರಿಸಿ, ಚಪ್ಪಟೆ ಹಲಗೆಯಿಂದ ಹಗುರವಾಗಿ ಒತ್ತಿ. ಮೇಲೆ ಮಣ್ಣು ಮುಚ್ಚಬೇಡಿ. ಮೊಳೆಯಲು ಬೆಳಕು ಬೇಕು, ಮುಚ್ಚಿದರೆ ಅರ್ಧಕ್ಕರ್ಧ ಬರುವುದೇ ಇಲ್ಲ. ಮೇಲಿಂದ ನೀರು ಚಿಮುಕಿಸಿದರೆ ಬೀಜವೆಲ್ಲ ಮೂಲೆಗೆ ಸೇರುತ್ತದೆ. ಹಾಗಾಗಿ ಟ್ರೇಯನ್ನು ನೀರಿರುವ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಿಕೊಳ್ಳಲು ಬಿಡಿ, ಮೇಲ್ಮೈ ಒದ್ದೆಯಾದ ಕೂಡಲೇ ಎತ್ತಿಡಿ. ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ನೇರ ಬಿಸಿಲು ಬೀಳದ ಬೆಳಕಿನ ಜಾಗದಲ್ಲಿಡಿ. 18ರಿಂದ 21 ಡಿಗ್ರಿಯಲ್ಲಿ ಎರಡು ಮೂರು ವಾರಕ್ಕೆ ಹಸಿರು ಚುಕ್ಕೆಗಳು ಕಾಣುತ್ತವೆ.

ಮೊಳಕೆ ಕಂಡ ದಿನವೇ ಪ್ಲಾಸ್ಟಿಕ್ ತೆಗೆಯಿರಿ. ತೆಗೆಯದಿದ್ದರೆ ಬುಡ ಕೊಳೆತು ಸಸಿಗಳು ಸಾಲಾಗಿ ಮಲಗುತ್ತವೆ. ಮೊದಲ ಒಂದೂವರೆ ತಿಂಗಳು ಬೆಳವಣಿಗೆ ತೀರಾ ನಿಧಾನ. ಆಗ ಗೊಬ್ಬರ ಹಾಕುವ ಆಸೆ ಬರುತ್ತದೆ, ಅಲ್ವಾ? ತಡೆದುಕೊಳ್ಳಿ. ಎರಡು ಜೊತೆ ನಿಜವಾದ ಎಲೆ (ಮೊಳಕೆಯ ಮೊದಲ ಜೋಡಿ ಎಲೆಯ ನಂತರದವು) ಬಂದ ಮೇಲೆ ಐದಾರು ಸಸಿಗಳನ್ನು ಒಂದೇ ಗುಂಪಾಗಿ ಸಣ್ಣ ಕುಂಡಕ್ಕೆ ವರ್ಗಾಯಿಸಿ. ಒಂದೊಂದಾಗಿ ಬಿಡಿಸಲು ಹೋಗಬೇಡಿ. ಒಂಟಿ ಸಸಿ ಬಡಕಲಾಗಿ ಕಾಣುತ್ತದೆ, ಗುಂಪು ಬೇಗ ದುಂಡಗಾಗುತ್ತದೆ. ಚಳಿಗಾಲ ಮುಗಿಯುವ ಮುನ್ನ ಒಳಗೆ ಬಿತ್ತಿದರೆ ಕ್ಲಿಪ್ಸ್ ತಳಿಗಳು ಮೊದಲ ವರ್ಷವೇ ಹೂ ಬಿಡಬಹುದು. ತಡವಾಗಿ ಬಿತ್ತಿದ್ದರೆ ಎರಡನೇ ವರ್ಷಕ್ಕೆ ಕಾಯಬೇಕು.

ನೆಡುವ ಕ್ರಮ

ಸಂಜೆ ಹೊತ್ತು ಅಥವಾ ಮೋಡದ ದಿನ ನೆಡಿ. ಗಿಡದಿಂದ ಗಿಡಕ್ಕೆ 25ರಿಂದ 30 ಸೆಂ.ಮೀ. ಅಂತರವಿರಲಿ. ಹರಡುವ ಪೋರ್ಟೆನ್‌ಶ್ಲಾಗಿಯಾನಾಗೆ 40 ಸೆಂ.ಮೀ. ಬೇಕು. ಕುಂಡದ ಗಿಡಕ್ಕೆ ಒಂದು ಗಂಟೆ ಮೊದಲು ನೀರು ಹಾಕಿಡಿ. ಹೊರತೆಗೆದಾಗ ಬೇರು ಸುತ್ತಿಕೊಂಡಿದ್ದರೆ ತಳದ ಬೇರುಗಳನ್ನು ಬೆರಳಿನಿಂದ ಸಡಿಲಿಸಿ.

ಈಗ ಇಡೀ ಕೆಲಸದಲ್ಲಿ ಮುಖ್ಯವಾದದ್ದು. ಎಲೆಗಳೆಲ್ಲ ಹೊರಡುವ ಬುಡದ ಗಂಟು ಮಣ್ಣಿನ ಮಟ್ಟಕ್ಕಿಂತ ಒಂದು ಸೆಂ.ಮೀ. ಮೇಲಿರಬೇಕು. ಹೂಳಬೇಡಿ. ಹೊಸದಾಗಿ ಅಗೆದ ಮಣ್ಣು ಕೆಲವೇ ದಿನಗಳಲ್ಲಿ ಕುಸಿಯುತ್ತದೆ, ಗಿಡವೂ ಅದರ ಜೊತೆ ಇಳಿಯುತ್ತದೆ. ಅದಕ್ಕೇ ಗುಂಡಿಯ ತಳವನ್ನು ಮೊದಲೇ ಕೈಯಿಂದ ಒತ್ತಿ ಗಟ್ಟಿ ಮಾಡಿಕೊಳ್ಳಿ. ನೆಟ್ಟ ಮೇಲೆ ಎಲೆಗಳನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಬುಡದ ಸುತ್ತ ಸಣ್ಣ ಜಲ್ಲಿಯನ್ನು ಒಂದೆರಡು ಸೆಂ.ಮೀ. ದಪ್ಪಕ್ಕೆ ಹರಡಿ. ಜಲ್ಲಿ ಬೇರಿಗೆ ತಂಪು ಕೊಡುತ್ತದೆ, ಬುಡವನ್ನು ಒಣಗಿಸಿಡುತ್ತದೆ, ಮಳೆಯಲ್ಲಿ ಎಲೆಗೆ ಮಣ್ಣು ಸಿಡಿಯದಂತೆಯೂ ನೋಡಿಕೊಳ್ಳುತ್ತದೆ. ಒಣ ಎಲೆ, ತೊಗಟೆಯ ಹೊದಿಕೆ ಬೇರೆ ಗಿಡಗಳಿಗೆ ಸರಿ. ಇದರ ಬುಡಕ್ಕೆ ತಾಗಿಸಿದರೆ ತೇವ ಹಿಡಿದಿಟ್ಟು ಕೊಳೆಸುತ್ತದೆ.

ನೀರು ಮತ್ತು ಗೊಬ್ಬರ

ಬೇರು ಹಿಡಿಯುವವರೆಗೆ ಮಣ್ಣು ಒಣಗಲು ಬಿಡಬೇಡಿ. ಆಮೇಲೆ ಬೆರಳು ಎರಡು ಗೆಣ್ಣು ಇಳಿಸಿ, ಅಲ್ಲಿ ಒಣಗಿದ್ದರೆ ಮಾತ್ರ ನೀರು. ಹಾಕುವಾಗ ಎಲೆಯ ಮೇಲೆ ಸುರಿಯದೆ ಪಕ್ಕದ ಮಣ್ಣಿಗೆ ನಿಧಾನವಾಗಿ, ಆಳಕ್ಕಿಳಿಯುವಷ್ಟು ಹಾಕಿ. ಬೆಳಗ್ಗೆ ಹಾಕಿದರೆ ಎಲೆಗೆ ತಾಗಿದ್ದೂ ಸಂಜೆಯೊಳಗೆ ಆರುತ್ತದೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ.

ಗೊಬ್ಬರ ಕಡಿಮೆ ಇದ್ದಷ್ಟೂ ಗಿಡ ಚೆಂದ. ವರ್ಷಕ್ಕೊಮ್ಮೆ, ಚಿಗುರುವ ಕಾಲದಲ್ಲಿ ಒಂದು ಹಿಡಿ ಎರೆಗೊಬ್ಬರವನ್ನು ಬುಡದಿಂದ ಒಂದು ಗೇಣು ದೂರ ಹಾಕಿದರೆ ನೆಲದ ಗಿಡಕ್ಕೆ ಸಾಕು. ಸಾರಜನಕ ಜಾಸ್ತಿಯಾದರೆ ಎಲೆ ಸೊಕ್ಕಿ, ಕಾಂಡ ಬಳುಕಿ, ಗುಪ್ಪೆ ನಡುವೆ ಬಾಯಿಬಿಡುತ್ತದೆ. ಕುಂಡದ ಗಿಡಕ್ಕೆ ಮೊಗ್ಗು ಬಂದಾಗಿನಿಂದ ಎರಡು ವಾರಕ್ಕೊಮ್ಮೆ, ಪೊಟ್ಯಾಶ್ ಹೆಚ್ಚಿರುವ ದ್ರವ ಗೊಬ್ಬರವನ್ನು ಹೇಳಿದ ಅಳತೆಯ ಅರ್ಧದಷ್ಟು ಕೊಡಿ.

ಗಿಡ ಚೆನ್ನಾಗಿದೆ, ಹೂವೇ ಇಲ್ಲ ಅನ್ನುವವರಿಗೆ

ಎಲ್ಲ ಸರಿ ಮಾಡಿದ್ದೂ ಬರೀ ಎಲೆ ಬರುತ್ತಿದ್ದರೆ ಹಗಲಿನ ಉದ್ದ ಲೆಕ್ಕ ಹಾಕಿ. ಕಾರ್ಪಾಟಿಕಾ ದೀರ್ಘ ಹಗಲಿನ ಗಿಡ. ಹಗಲು 14 ಗಂಟೆ ದಾಟಬೇಕು, 16 ಆದರೆ ಇನ್ನೂ ಒಳ್ಳೆಯದು. ಅದಕ್ಕಿಂತ ಕಡಿಮೆ ಇದ್ದರೆ ಎಲೆಯ ಗುಪ್ಪೆಯಾಗಿಯೇ ಕೂತಿರುತ್ತದೆ, ಕಾಂಡ ಎತ್ತುವುದಿಲ್ಲ. ಗೊಬ್ಬರ ಸುರಿದು ಪ್ರಯೋಜನವಿಲ್ಲ. ಯುರೋಪಿನ ಬೇಸಿಗೆಯಲ್ಲಿ ಈ ಹಗಲು ತಾನಾಗಿ ಸಿಗುತ್ತದೆ. ಭೂಮಧ್ಯರೇಖೆಯಿಂದ 15 ಡಿಗ್ರಿಯೊಳಗಿನ ಊರುಗಳಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿ ಗಿಡ ಎಷ್ಟು ಸೊಂಪಾಗಿದ್ದರೂ ಹೂವಿನ ಸುಳಿವಿರುವುದಿಲ್ಲ.

ಇದಕ್ಕೆ ಸುಲಭದ ದಾರಿ ಇದೆ. ಗಿಡ ಅಳೆಯುವುದು ನಿಜವಾಗಿ ಕತ್ತಲೆಯನ್ನು. ಉದ್ದನೆಯ ರಾತ್ರಿಯನ್ನು ನಡುವೆ ಬೆಳಕಿನಿಂದ ಮುರಿದರೆ ಅದಕ್ಕೆ ರಾತ್ರಿ ಗಿಡ್ಡವಾದಂತೆ. ಕುಂಡಗಳ ಒಂದು ಮೀಟರ್ ಮೇಲೆ ಸಾಧಾರಣ 9 ವ್ಯಾಟ್ ಎಲ್‌ಇಡಿ ಬಲ್ಬ್ ತೂಗುಹಾಕಿ, ಟೈಮರ್ ಇಟ್ಟು ರಾತ್ರಿ 10ರಿಂದ 2ರವರೆಗೆ ಉರಿಸಿ. ಬೆಳೆಸುವ ಬೆಳಕಲ್ಲ ಇದು, ಹೊತ್ತು ತಿಳಿಸುವ ಬೆಳಕು ಅಷ್ಟೇ. ಹಾಗಾಗಿ ದುಬಾರಿ ದೀಪ ಬೇಡ. ಗಿಡ ಚೆನ್ನಾಗಿ ಎಲೆ ತುಂಬಿಕೊಂಡ ಮೇಲೆ ಶುರು ಮಾಡಿ, ಒಂದು ರಾತ್ರಿಯೂ ತಪ್ಪಿಸಬೇಡಿ, ಮೊಗ್ಗು ಎದ್ದು ಕಾಣುವವರೆಗೆ ಮುಂದುವರಿಸಿ. ಹವೆ 20 ಡಿಗ್ರಿ ಆಸುಪಾಸಿನಲ್ಲಿದ್ದರೆ ಹೂವಿಗೆ ಸುಮಾರು ಎರಡು ತಿಂಗಳು ಹಿಡಿಯುತ್ತದೆ. ವರ್ಷದ ತಂಪು ತಿಂಗಳುಗಳಲ್ಲಿ ಮಾಡಿದರೆ ಹೂವು ದೊಡ್ಡದಾಗಿ ಬರುತ್ತದೆ.

ಕಾರ್ಪಾಟಿಕಾಗೆ ಹೂ ಬಿಡಲು ಚಳಿಗಾಲ ಕಡ್ಡಾಯವಲ್ಲ. ಬೆಚ್ಚನೆಯ ಊರಿನವರಿಗೆ ಇದನ್ನೇ ಹೇಳಲು ಅದೂ ಒಂದು ಕಾರಣ. ಪೋರ್ಟೆನ್‌ಶ್ಲಾಗಿಯಾನಾ ಹಾಗಲ್ಲ, ಚಳಿ ಕಂಡ ಗಿಡವೇ ಚೆನ್ನಾಗಿ ಹೂ ಬಿಡುವುದು.

ಹೂವು ಬಂದ ಮೇಲೆ

ಅರಳಿದ ಹೂವೊಂದನ್ನು ಹತ್ತಿರದಿಂದ ನೋಡಿ. ಹೊಸ ಹೂವಿನ ನಡುಗಂಬಕ್ಕೆ ಪರಾಗದ ಪುಡಿ ಮೆತ್ತಿಕೊಂಡಿರುತ್ತದೆ. ಕೇಸರಗಳು ಮೊಗ್ಗಿನಲ್ಲೇ ಪರಾಗವನ್ನು ಅದಕ್ಕೆ ಒರೆಸಿಬಿಟ್ಟು, ಹೂವು ಬಿಚ್ಚುವ ಹೊತ್ತಿಗೆ ಮುದುರಿ ತಳ ಸೇರಿರುತ್ತವೆ. ಜೇನು ಬಂದು ಪುಡಿ ಒಯ್ದ ಮೇಲೆ, ಕೆಲ ದಿನ ಬಿಟ್ಟು, ಕಂಬದ ತುದಿ ಮೂರಾಗಿ ಸೀಳಿ ಹೊರಕ್ಕೆ ಸುರುಳಿಯಾಗುತ್ತದೆ. ಆ ಸುರುಳಿ ಕಂಡರೆ ಹೂವು ಬೇರೆಲ್ಲಿಂದಲೋ ಬಂದ ಪರಾಗಕ್ಕೆ ಕಾಯುತ್ತಿದೆ ಎಂದರ್ಥ. ಸ್ವಲ್ಪ ದಿನದಲ್ಲೇ ಅದು ಬಾಡುತ್ತದೆ.

ಬಾಡಿದ್ದನ್ನು ಚಿವುಟುವಾಗ ಎಸಳು ಮಾತ್ರ ಕಿತ್ತರೆ ಸಾಲದು. ಅದರ ಕೆಳಗಿನ ಹಸಿರು ಉಬ್ಬಿನಲ್ಲೇ ಕಾಯಿ ಕಟ್ಟುವುದು, ಅದನ್ನೂ ಸೇರಿಸಿ ಚಿವುಟಿ. ಮುರಿದ ಕಡೆ ಹಾಲಿನಂಥ ರಸ ಒಸರುತ್ತದೆ, ಈ ಕುಟುಂಬದ ಗುಣ ಅದು. ದಿನಾ ಒಂದೊಂದೇ ಚಿವುಟುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಮೊದಲ ಸುತ್ತಿನ ಹೂವು ಮುಗಿಯುತ್ತ ಬಂದಾಗ ಇಡೀ ಗುಪ್ಪೆಯ ಮೇಲಿನ ಮೂರನೇ ಒಂದು ಭಾಗವನ್ನು ಕತ್ತರಿಯಿಂದ ಸವರಿಬಿಡಿ. ನೋಡಲು ಒಂದೆರಡು ವಾರ ಬೋಳುಬೋಳು. ಆಮೇಲೆ ಹೊಸ ಎಲೆ ಬಂದು, ಹಗಲು ಇನ್ನೂ ಉದ್ದವಿದ್ದರೆ ಎರಡನೇ ಸುತ್ತು ಹೂವೂ ಬರುತ್ತದೆ.

ಬೀಜ ಬೇಕಾದರೆ ನಾಲ್ಕೈದು ಕಾಯಿ ಬಿಡಿ. ಕಾಯಿ ಕಂದಾಗಿ ಪಕ್ಕದಲ್ಲಿ ಸಣ್ಣ ತೂತು ಬೀಳುವ ಮುಂಚೆ ಕಾಗದದ ಕವರಿಗೆ ಕತ್ತರಿಸಿಕೊಳ್ಳಿ.

ಕಾಟಗಳು

ಬಸವನಹುಳು ಮತ್ತು ಚಿಪ್ಪಿಲ್ಲದ ಸಿಂಬಳದ ಹುಳುವಿಗೆ (ಸ್ಲಗ್) ಇದರ ಎಳೆ ಚಿಗುರೆಂದರೆ ಪ್ರಾಣ. ಬೆಳಗ್ಗೆ ಎಲೆ ಕತ್ತರಿಸಿದಂತೆ ಕಂಡು, ಹೊಳೆಯುವ ಲೋಳೆಯ ಗೆರೆ ಇದ್ದರೆ ಅವುಗಳದ್ದೇ ಕೆಲಸ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಆರಿಸುವುದೇ ನಂಬಬಹುದಾದ ಉಪಾಯ. ಬುಡದ ಸುತ್ತಲಿನ ಜಲ್ಲಿಯಿಂದ ಅವು ನಿಲ್ಲುವುದಿಲ್ಲ. ಸೆಖೆಗಾಲದಲ್ಲಿ ಎಲೆಯ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆ ಕಂಡರೆ ಎಲೆ ಮಗುಚಿ ನೋಡಿ, ನುಸಿ ಇರುತ್ತದೆ. ಬೆಳಗಿನ ಹೊತ್ತು ಎಲೆಯ ಅಡಿಗೆ ರಭಸವಾಗಿ ನೀರು ಹೊಡೆಯಿರಿ. ಎಲೆಯಡಿ ಕಿತ್ತಳೆ ಪುಡಿ ಇದ್ದರೆ ತುಕ್ಕು ರೋಗ, ಅಂಥ ಎಲೆ ಕಿತ್ತು ತೋಟದಿಂದ ಹೊರಗೆ ಹಾಕಿ, ಕಾಂಪೋಸ್ಟಿಗೆ ಬೇಡ.

ಮಣ್ಣು ಒದ್ದೆ ಇದ್ದೂ ಗಿಡ ಬಾಡಿದೆ ಅಂದರೆ ಬುಡ ಕೊಳೆತಿದೆ. ಇಲ್ಲಿ ಹೆಚ್ಚಿನವರು ಇನ್ನೊಂದು ಚೊಂಬು ನೀರು ಹಾಕಿ ಅದನ್ನು ಪೂರ್ತಿ ಮುಗಿಸುತ್ತಾರೆ. ನೀರು ನಿಲ್ಲಿಸಿ, ಎಲೆ ಸರಿಸಿ ಬುಡ ಮುಟ್ಟಿ. ಮೆತ್ತಗಿದ್ದರೆ ಆ ಗಿಡ ಉಳಿಯುವುದಿಲ್ಲ. ಅಂಚಿನಲ್ಲಿ ಗಟ್ಟಿ ಕುಡಿಗಳಿದ್ದರೆ 5ರಿಂದ 7 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಅರ್ಧ ಮರಳು ಅರ್ಧ ಕಾಂಪೋಸ್ಟಿನಲ್ಲಿ ನೆರಳಿಗೆ ಊರಿ.

ಚಳಿಗಾಲ

ಹಿಮ ಬೀಳುವ ಕಡೆ ಕಾರ್ಪಾಟಿಕಾ ನೆಲದ ಮೇಲಿನ ಭಾಗವನ್ನೆಲ್ಲ ಕಳೆದುಕೊಂಡು ಸತ್ತಂತೆ ಕಾಣುತ್ತದೆ. ಕೀಳಬೇಡಿ, ಜಾಗಕ್ಕೊಂದು ಗುರುತಿನ ಕಡ್ಡಿ ನೆಟ್ಟಿಡಿ. ಒಣಗಿದ ಎಲೆ ಬುಡದ ಮೇಲೆ ರಾಶಿ ಬೀಳದಂತೆ ನೋಡಿಕೊಂಡರೆ ಸಾಕು. ಕುಂಡಗಳನ್ನು ಮಳೆ ಬೀಳದ ಸೂರಿನಡಿ ಸರಿಸಿ.

ಬುಡ ಬಿಡಿಸುವುದು

ಮೂರು ವರ್ಷ ಕಳೆದ ಮೇಲೆ ಗುಪ್ಪೆಯ ನಡುಭಾಗ ಬಡವಾಗಿ, ಹೂವೆಲ್ಲ ಅಂಚಿನಲ್ಲೇ ಬರತೊಡಗುತ್ತದೆ. ಬುಡ ಬಿಡಿಸುವ ಕಾಲ ಬಂತು ಅನ್ನುವುದಕ್ಕೆ ಅದೇ ಗುರುತು. ಚಿಗುರು ಹೊರಡುವ ಹೊತ್ತು ಇದಕ್ಕೆ ಒಳ್ಳೆಯದು. ಹೂವು ಮುಗಿದು ಬಿಸಿಲು ಇಳಿದ ಮೇಲೂ ಮಾಡಬಹುದು.

ಗಿಡದ ಸುತ್ತ ಒಂದು ಗೇಣು ಬಿಟ್ಟು ಅಗೆದು ಮಣ್ಣಿನ ಹೆಂಟೆ ಸಮೇತ ಎತ್ತಿ. ಮಣ್ಣು ಕೊಡವಿ ನೋಡಿದರೆ ಕುಡಿಗಳು ಎಲ್ಲೆಲ್ಲಿ ಗುಂಪಾಗಿವೆ ಎಂದು ತಿಳಿಯುತ್ತದೆ. ಕೈಯಿಂದ ಬಿಡಿಸಲಾಗದಿದ್ದರೆ ಹರಿತವಾದ ಚಾಕು ಬಳಸಿ. ಪ್ರತಿ ತುಂಡಿಗೂ ಮೂರು ನಾಲ್ಕು ಕುಡಿ, ಒಂದು ಹಿಡಿ ಬಿಳಿ ಬೇರು ಇರಲಿ. ನಡುವಿನ ಒರಟು ಭಾಗ ಎಸೆದುಬಿಡಿ, ಉಳಿಸಿಕೊಳ್ಳುವ ಮೋಹ ಬೇಡ. ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಬೇರು ಒಣಗುವ ಮುಂಚೆ, ಬುಡದ ಗಂಟು ಮೇಲಿರುವಂತೆ ನೆಡಿ. ಹೊಸ ಎಲೆ ಬರುವ ತನಕ ನೆರಳು ಕಟ್ಟಿ. ಮಿಕ್ಕ ತುಂಡುಗಳನ್ನು ಯಾರಿಗಾದರೂ ಕೊಡುವುದಾದರೆ ತಳಿಯ ಹೆಸರು ಬರೆದ ಚೀಟಿ ಜೊತೆಗಿಡಿ. ಎಲೆ ಮಾತ್ರ ಇರುವಾಗ ಈ ಜಾತಿಗಳನ್ನು ಬೇರೆ ಮಾಡಿ ಗುರುತಿಸುವುದು ಕಷ್ಟ.